ಅಪ್ಪ ತೀರ್ಕೊಂಡ ಮೇಲೆ ಹೊಲದ ಪೌತಿ ಖಾತೆ ಮಾಡಿಸೋದು ಹೆಂಗೆ: ಪಾಲಿನ ಜಗಳ ಆಮೇಲೆ ಇಟ್ಕೊಳ್ರಿ

ನಮ್ಮೂರು ದಾವಣಗೆರೆಗೂ ದುರ್ಗಕ್ಕೂ ನಡುವೆ, ಹೈವೇ ಬಿಟ್ಟು ಒಳಗೆ ಹೋದ್ರೆ ಸಿಗೋ ಹಳ್ಳಿ. ಅಪ್ಪ ಹೋಗಿ ಐದು ವರ್ಷ ಆದ್ರೂ 3 ಎಕರೆ 12 ಗುಂಟೆ ಹೊಲದ ಪಹಣಿ ಅಪ್ಪನ ಹೆಸರಲ್ಲೇ ಇತ್ತು. ಮಾಡಿಸ್ಬೇಕು ಮಾಡಿಸ್ಬೇಕು ಅಂತ ಎಲ್ಲರೂ ಅಂತಿದ್ವಿ, ಯಾರೂ ಮಾಡಿಸ್ಲಿಲ್ಲ, ಯಾಕಂದ್ರೆ ಖಾತೆ ವಿಷಯ ಎತ್ತಿದ ತಕ್ಷಣ ಪಾಲಿನ ವಿಷಯ ಬರ್ತದೆ, ಪಾಲಿನ ವಿಷಯ ಬಂದ್ರೆ ಬಾವಿ ಯಾರಿಗೆ, ರಸ್ತೆ ಕಡೆ ಹೊಲ ಯಾರಿಗೆ ಅಂತ ತಮ್ಮನ ಮುಖ ಒಂದ್ ಕಡೆ ನಮ್ಮ ಮುಖ ಒಂದ್ ಕಡೆ. ಹಬ್ಬದ ದಿನ ಯಾಕೆ ಬೇಕು ಅಂತ ಸುಮ್ನಾಗೋದು. ಅಷ್ಟರಲ್ಲಿ 2023ರ ಬರ ಬಂತು. ಬೆಳೆ ಪರಿಹಾರ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ಇದ್ದೋರ ಬ್ಯಾಂಕ್ ಖಾತೆಗೆ ನೇರ ಬಿತ್ತು. ಪಕ್ಕದ ಹೊಲದೋರಿಗೆ ಮೊಬೈಲಲ್ಲಿ ಮೆಸೇಜ್ ಟಿಣ್ ಅಂತು, ನಮ್ಮ ಮೆಕ್ಕೆಜೋಳನೂ ಅವರದ್ರ ಹಂಗೇ ಒಣಗಿತ್ತು, ಆದ್ರೆ ನಮ್ಮ ಐಡಿ ಅಪ್ಪನದು, ಅಪ್ಪನ ಬ್ಯಾಂಕ್ ಖಾತೆ ಮುಚ್ಚಿ ಯಾವ ಕಾಲ ಆಗಿತ್ತೋ. ಅವತ್ತು ಅಮ್ಮ ಒಂದೇ ಮಾತು ಅಂದ್ಲು, "ಹೋದೋರ ಹೆಸರಿಗೆ ಸರ್ಕಾರ ಏನ್ ಕೊಡ್ತದಪ್ಪ" ಅಂತ.

ಅದಾದ್ಮೇಲೆ ಓಡಾಡಿ ಮಾಡಿಸಿದ್ದು. ನನಗೆ ಮೊದಲೇ ಯಾರಾದ್ರೂ ಹೇಳಿದ್ರೆ ಅರ್ಧಕ್ಕರ್ಧ ಓಡಾಟ ಉಳೀತಿತ್ತು, ಅದಕ್ಕೇ ಬರೀತಿದೀನಿ. ಉದ್ದ ಆಗ್ತದೆ, ತಾಳ್ಮೆ ಇರ್ಲಿ.

ಪೌತಿ ಬೇರೆ, ವಿಭಾಗ ಬೇರೆ

ಇದನ್ನ ಮೊದಲು ತಲೇಲಿ ಹಾಕ್ಕೊಳ್ರಿ. ಪೌತಿ ಖಾತೆ ಅಂದ್ರೆ ಸತ್ತೋರ ಹೆಸರು ತೆಗೆದು ಅವರ ಜಾಗದಲ್ಲಿ ಬದುಕಿರೋ ವಾರಸುದಾರರು ಎಲ್ಲರ ಹೆಸರು ಒಟ್ಟಿಗೆ ಪಹಣೀಲಿ ಕೂರಿಸೋದು, ಅಷ್ಟೇ. ಜಂಟಿ ಖಾತೆ. ಯಾರಿಗೆ ಯಾವ ಮೂಲೆ ಅಂತ ಅಲ್ಲಿ ಯಾರೂ ಕೇಳಲ್ಲ, ಅಳತೆನೂ ಮಾಡಲ್ಲ. ಪಾಲು ಮಾಡ್ಕೊಳ್ಳೋದು ವಿಭಾಗ, ಅದಕ್ಕೆ ಸರ್ವೆಯವರಿಂದ 11ಇ ನಕ್ಷೆ ಬೇಕು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ವಿಭಾಗ ಪತ್ರ ನೋಂದಣಿ ಆಗ್ಬೇಕು, ಅದು ಇನ್ನೊಂದು ದಿನದ ಕತೆ. ನಮ್ ಕಡೆ ಎಷ್ಟೋ ಮನೇಲಿ ಪೌತಿ ನಿಂತಿರೋದು ಆಫೀಸಿನೋರಿಂದ ಅಲ್ಲ ಕಣ್ರಿ, ಇವೆರಡನ್ನೂ ಒಂದೇ ಅಂದ್ಕೊಂಡು ಮನೇಲೇ ನಿಂತಿರೋದು. ಪೌತಿ ಆದ್ರೆ ಜಗಳ ಮುಗೀತು ಅಂತಲ್ಲ, ಜಗಳ ಮಾಡೋರೆಲ್ಲರ ಹೆಸರೂ ಪಹಣೀಲಿ ಇರ್ತದೆ, ಬ್ಯಾಂಕು ಸೊಸೈಟಿ ಪರಿಹಾರ ಯಾವುದೂ ನಿಲ್ಲಲ್ಲ.

ನಮ್ಮ ಮನೇಲಿ ನಾನು ತಮ್ಮನಿಗೆ ಇದನ್ನೇ ಹೇಳಿದ್ದು. ಬಾವಿ ವಿಷಯ ಹಂಗೇ ಇರ್ಲಿ, ಮೊದಲು ಎಲ್ಲರ ಹೆಸರು ಬರ್ಲಿ ಅಂತ. ಅವ್ನು ಎರಡು ದಿನ ಯೋಚನೆ ಮಾಡಿ "ಆತು ಬಿಡಣ್ಣ" ಅಂದ. ಎರಡು ದಿನದಲ್ಲಿ ಆಗೋ ಮಾತಿಗೆ ಐದು ವರ್ಷ ಕಾದಿದ್ವಿ.

ಕೈಯಲ್ಲಿ ಇವತ್ತಿನ ಪಹಣಿ ಹಿಡ್ಕೊಂಡು ಕೂತ್ಕೊಳ್ರಿ

ಎಲ್ಲಿಗೂ ಹೋಗೋ ಮುಂಚೆ ಹೊಸ ಪಹಣಿ ತಗೀರಿ, ಮನೇಲಿ ಟ್ರಂಕಲ್ಲಿರೋ ಹಳೇದು ಬೇಡ. ಗ್ರಾಮ ಒನ್‌ನಲ್ಲಿ ಸಿಗ್ತದೆ, ನಾಡಕಚೇರೀಲಿ ಸಿಗ್ತದೆ, ಭೂಮಿ ವೆಬ್‌ಸೈಟಲ್ಲಿ ಮೊಬೈಲಲ್ಲೇ ನೋಡಬೋದು. (ಗ್ರಾಮ ಒನ್ ಅನ್ನೋ ಸರ್ಕಾರಿ ಸೇವಾ ಕೇಂದ್ರ ಪ್ರಯೋಗಕ್ಕೆ ಅಂತ 2020ರಲ್ಲಿ ಮೊದಲು ಶುರು ಆಗಿದ್ದು ನಮ್ಮ ದಾವಣಗೆರೆ ಜಿಲ್ಲೇಲೇ, ಆಮೇಲೆ 2022ರ ಜನವರಿ 26ರಿಂದ ಬೇರೆ ಜಿಲ್ಲೆಗೆ ಹೋಗಿದ್ದು. ನಮ್ಮೋರಿಗೆ ಇದೇ ಗೊತ್ತಿಲ್ಲ.)

ಪಹಣೀಲಿ ಮೂರು ಕಾಲಂ ನೋಡ್ರಿ ಸಾಕು. 9ನೇ ಕಾಲಂ, ಮಾಲೀಕರ ಹೆಸರು ಮತ್ತೆ ವಿಸ್ತೀರ್ಣ. 10ನೇ ಕಾಲಂ, ಆ ಹೆಸರು ಹೆಂಗೆ ಬಂತು ಅನ್ನೋದು, ಎಂಆರ್ ನಂಬರ್ (ಖಾತೆ ಬದಲಾವಣೆ, ಅಂದ್ರೆ ಮ್ಯುಟೇಶನ್ ರಿಜಿಸ್ಟರಿನ ನಂಬರ್) ಇರ್ತದೆ. 11ನೇ ಕಾಲಂ, ಸಾಲ ಮತ್ತೆ ಬೇರೆ ಹಕ್ಕು ಋಣ. ಅಪ್ಪ ಯಾವತ್ತೋ ಸೊಸೈಟೀಲಿ ತಗೊಂಡು ತೀರಿಸಿದ ಸಾಲ 11ರಲ್ಲಿ ಹಂಗೇ ಕೂತಿರ್ತದೆ, ನಮ್ಮದ್ರಲ್ಲೂ ಕೂತಿತ್ತು. ಪೌತಿಗೆ ಅದು ಅಡ್ಡ ಬರಲ್ಲ, ಆದ್ರೆ ಹೊಸ ಸಾಲಕ್ಕೆ ಹೋದಾಗ ಬರ್ತದೆ, ಆದ್ದರಿಂದ ಈಗ್ಲೇ ಬ್ಯಾಂಕಿಂದ ಋಣ ಇಲ್ಲ ಅನ್ನೋ ಪತ್ರ ತಂದು ಇಟ್ಕೊಳ್ರಿ.

9ನೇ ಕಾಲಂನಲ್ಲಿ ಅಪ್ಪನ ಹೆಸರು ಅಕ್ಷರ ಅಕ್ಷರ ಓದ್ರಿ. ನಮ್ಮ ಅಪ್ಪ ಊರಿಗೆಲ್ಲ ಹನುಮಂತಪ್ಪ. ಆಧಾರಲ್ಲಿ ಹನುಮಂತಪ್ಪ. ಪಹಣೀಲಿ 'ಹನುಮಪ್ಪ ಬಿನ್ ದೊಡ್ಡಪ್ಪ'. ಮರಣ ಪತ್ರದಲ್ಲಿ ಇನಿಶಿಯಲ್ ಸೇರಿಸಿ ಇನ್ನೊಂದು. ಒಬ್ಬನೇ ಮನುಷ್ಯ, ಮೂರು ಕಾಗದದಲ್ಲಿ ಮೂರು ಜನ. ಇದನ್ನ ಕೌಂಟರಲ್ಲಿ ಅವರು ಹೇಳೋ ತನಕ ಕಾಯಬೇಡ್ರಿ, ನೀವೇ ಮೊದಲು ಹಿಡೀರಿ. 'ಈ ಹೆಸರೆಲ್ಲ ಒಬ್ಬರದೇ' ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಅರ್ಜಿ ಜೊತೆ ಇಟ್ರೆ ಸಾಮಾನ್ಯವಾಗಿ ತಗೋತಾರೆ, ಆಮೇಲೆ ಸ್ಥಳ ಮಹಜರಲ್ಲೂ (ಊರಲ್ಲಿ ಸಾಕ್ಷಿಗಳ ಮುಂದೆ ಬರೆಯೋ ವರದಿ) ಅದನ್ನೇ ಬರೆಸ್ಬೇಕು.

ಇನ್ನೊಂದು, ಪಹಣಿ ಅಪ್ಪನ ಹೆಸರಲ್ಲೂ ಇಲ್ಲ, ತಾತನ ಹೆಸರಲ್ಲೇ ಐತಿ ಅಂದ್ರೆ ವಂಶವೃಕ್ಷ ತಾತನಿಂದ ಶುರು ಆಗ್ಬೇಕು. ದೊಡ್ಡಪ್ಪ ಚಿಕ್ಕಪ್ಪ ಸೋದರತ್ತೆ ಎಲ್ಲ ಕವಲೂ ಬರ್ತದೆ. ಬರೀ ನಿಮ್ಮ ಅಪ್ಪನ ಕವಲು ಬರ್ಕೊಂಡು ಹೋದ್ರೆ ಊರಲ್ಲಿ ಯಾರೋ ಒಬ್ಬರು ತಕರಾರು ಹಾಕೇ ಹಾಕ್ತಾರೆ.

ಮರಣ ಪತ್ರ: ಜೀವ ಹೋದ ಜಾಗ ಮುಖ್ಯ

ಸಾವು ಎಲ್ಲಿ ಆಯ್ತೋ ಅಲ್ಲೇ ನೋಂದಣಿ, ಊರು ಯಾವುದು ಅಂತ ಅಲ್ಲ. ನಮ್ಮ ಕಡೆ ಸೀರಿಯಸ್ ಆದ್ರೆ ದಾವಣಗೆರೆಗೆ ಓಡಿಸ್ತೀವಿ, ಅಲ್ಲಿ ಆಸ್ಪತ್ರೇಲಿ ಹೋದ್ರೆ ಅಲ್ಲೇ ದಾಖಲಾಗ್ತದೆ, ಊರಿನ ವಿಎ (ಗ್ರಾಮ ಲೆಕ್ಕಿಗ) ಹತ್ರ ಆಗಲ್ಲ. ನಾನು ಇದು ಗೊತ್ತಿಲ್ದೆ ಹೋಬಳಿಗೆ ಮೂರು ಸಲ ಹೋಗಿ ಬಂದೆ, ಮೂರನೇ ಸಲ ಒಬ್ಬ ವಯಸ್ಸಾದ ಗ್ರಾಮ ಸಹಾಯಕ "ಯಜಮಾನ್ರು ಎಲ್ಲಿ ತೀರ್ಕೊಂಡ್ರಪ್ಪ, ಮನೇಲಾ ಆಸ್ಪತ್ರೇಲಾ" ಅಂತ ಕೇಳಿದಾಗ ವಿಷಯ ತಿಳೀತು. ಮನೇಲಿ ಹೋಗಿದ್ರೆ ಊರಲ್ಲೇ.

21 ದಿನದ ಒಳಗೆ ತಿಳಿಸಿದ್ರೆ ದಂಡ ಇಲ್ಲ. 30 ದಿನದವರೆಗೆ ಸ್ವಲ್ಪ ತಡದ ಶುಲ್ಕ. ಅದಾದ್ಮೇಲೆ ಮೇಲಧಿಕಾರಿಗಳ ಅನುಮತಿ ಬೇಕು. ಒಂದು ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆದೇಶ ಇಲ್ದೆ ಆಗಲ್ಲ, ಮೊದಲೆಲ್ಲ ಅದಕ್ಕೆ ಜೆಎಂಎಫ್‌ಸಿ ಕೋರ್ಟಿಗೆ ಹೋಗ್ತಿದ್ರು, ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದ್ಮೇಲೆ ಜಿಲ್ಲಾಧಿಕಾರಿ, ಎಸಿ (ಉಪವಿಭಾಗಾಧಿಕಾರಿ) ಮಟ್ಟದ ಮ್ಯಾಜಿಸ್ಟ್ರೇಟ್ ಹತ್ರ ಬಂದೈತಿ. ತಾತನದು ಮರಣ ಪತ್ರನೇ ಇಲ್ಲ ಅನ್ನೋರು ನೇರ ಅಲ್ಲಿಗೆ ಹೋಗಬೇಡ್ರಿ, ಮೊದಲು ಹಳೇ ರಿಜಿಸ್ಟರಲ್ಲಿ ಹುಡುಕಿಸ್ರಿ. ಎಷ್ಟೋ ಸಲ ಯಾವುದೋ ಪುಣ್ಯಾತ್ಮ ಬರೆದಿರ್ತಾನೆ. ಸಿಗಲಿಲ್ಲ ಅಂದ್ರೆ 'ದಾಖಲೆ ಲಭ್ಯವಿಲ್ಲ' ಅಂತ ಬರೆದು ಕೊಡಿಸ್ಕೊಳ್ರಿ, ಮುಂದಿನ ಅರ್ಜಿಗೆ ಆ ಕಾಗದ ಬೇಕೇ ಬೇಕು.

ಮರಣ ಪತ್ರ ಕೈಗೆ ಬಂದ ಕ್ಷಣ ಅಲ್ಲೇ ನಿಂತು ಓದ್ರಿ. ತಪ್ಪಿದ್ರೆ ಅವತ್ತೇ ಹೇಳ್ರಿ.

ವಂಶವೃಕ್ಷ: ಯಾರನ್ನೂ ಬಿಡಬೇಡ್ರಿ, ಮುಖ್ಯವಾಗಿ ಹೆಣ್ಣುಮಕ್ಕಳನ್ನ

ನಮ್ಮ ಊರುಗಳಲ್ಲಿ ಇನ್ನೂ "ಕೊಟ್ಟ ಹೆಣ್ಣುಮಕ್ಕಳ ಹೆಸರು ಯಾಕೆ" ಅನ್ನೋ ಹಿರಿಯರು ಅದಾರೆ. ಕಾನೂನು ಬೇರೆ ಮಾತಾಡ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಗಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, 2020ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಅಪ್ಪ 2005ಕ್ಕೆ ಮೊದಲೇ ಹೋಗಿದ್ರೂ ಆ ಹಕ್ಕಿಗೆ ಅಡ್ಡಿ ಇಲ್ಲ ಅಂತ ಹೇಳ್ತು. ನಮ್ಮ ಕರ್ನಾಟಕದಲ್ಲಂತೂ ಅದಕ್ಕೂ ಮೊದಲೇ, 1994ರಲ್ಲೇ, ಮದುವೆ ಆಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿದ್ರು. ಹಂಗಾಗಿ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮಕ್ಕಳಲ್ಲಿ ಯಾರಾದ್ರೂ ಮೊದಲೇ ತೀರ್ಕೊಂಡಿದ್ರೆ ಅವರ ಹೆಂಡತಿ ಮಕ್ಕಳು, ಎಲ್ಲರೂ ಬರ್ಬೇಕು. ಒಬ್ಬರನ್ನ ಎಲ್ಲರೂ ಮರೀತಾರೆ: ಅಪ್ಪನ ತಾಯಿ, ಅಂದ್ರೆ ಅಜ್ಜಿ ಬದುಕಿದ್ರೆ ಅಜ್ಜಿನೂ ವಾರಸುದಾರಳೇ. ಮುಸ್ಲಿಂ ಮನೆಗಳಲ್ಲಿ ಪಾಲಿನ ಲೆಕ್ಕ ಬೇರೆ, ಆದ್ರೆ ಕಚೇರಿ ಓಡಾಟ ಇದೇ.

"ಅಕ್ಕ ಬೇಡ ಅಂತಾಳೆ, ಒಪ್ಪಿಗೆ ಪತ್ರ ಬರೆಸ್ಕೊಂಡು ಬಿಟ್ಬಿಡೋಣ" ಅಂತ ಗೇಟ್ ಹತ್ರ ಇರೋ ಬ್ರೋಕರ್‌ಗಳು ಹೇಳ್ತಾರೆ. ಅದು ನಿಲ್ಲಲ್ಲ. ಅಕ್ಕ ನಿಜವಾಗ್ಲೂ ಬಿಡ್ತೀನಿ ಅಂದ್ರೆ ಮೊದಲು ಅವಳ ಹೆಸರು ಪಹಣೀಲಿ ಬರ್ಲಿ, ಆಮೇಲೆ ಸಬ್ ರಿಜಿಸ್ಟ್ರಾರ್ ಹತ್ರ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡ್ಸಿ. ಬಿಳೀ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ನಾಳೆ ಅವಳ ಮಕ್ಕಳು ಕೋರ್ಟಿಗೆ ಹೋದಾಗ ಆ ಹಾಳೆಗೆ ಬೆಲೆ ಇರಲ್ಲ, ಮತ್ತೆ ಅದು ಸರಿನೂ ಅಲ್ಲ ಬಿಡ್ರಿ.

ವಂಶವೃಕ್ಷಕ್ಕೆ ನಾಡಕಚೇರೀಲಿ ಅಥವಾ ಗ್ರಾಮ ಒನ್‌ನಲ್ಲಿ ಅರ್ಜಿ. ಬೇಕಾಗೋದು: ಸ್ಟ್ಯಾಂಪ್ ಪೇಪರ್ ಮೇಲೆ ನೋಟರಿ ಮಾಡ್ಸಿದ ವಂಶವೃಕ್ಷದ ಅಫಿಡವಿಟ್, ಮರಣ ಪತ್ರ, ರೇಷನ್ ಕಾರ್ಡ್, ಎಲ್ಲರ ಆಧಾರ್ ಜೆರಾಕ್ಸ್. ಜೆರಾಕ್ಸ್ ನಾಲ್ಕು ಸೆಟ್ ಮಾಡ್ಸಿ, ಒಂದು ಸೆಟ್ ಎಲ್ಲೋ ಒಂದ್ ಕಡೆ ಕಳೆದೇ ಕಳೀತದೆ.

ಆಧಾರಿಗೆ ಮೊಬೈಲ್ ನಂಬರ್ ಜೋಡಣೆ ಆಗಿರೋದು ನೋಡ್ಕೊಳ್ರಿ, ಈಗೆಲ್ಲ ಒಟಿಪಿ ಮೇಲೆ ನಡೀತದೆ. ನಮ್ಮಕ್ಕಂದು ಇಲ್ಲೇ ಸಿಕ್ಕಾಕ್ಕೊಂಡಿದ್ದು. ಅವಳು ದಾವಣಗೆರೇಲಿ ಮಂಡಕ್ಕಿ ಭಟ್ಟೀಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡ್ತಾಳೆ. ಬಿಸಿ ಮರಳು, ಬಿಸಿ ಅಕ್ಕಿ, ಬೆರಳ ತುದಿ ಎಲ್ಲ ಸವೆದು ನುಣ್ಣಗೆ ಆಗೈತಿ. ಆಧಾರ್ ಸೆಂಟರಲ್ಲಿ ಹುಡುಗ ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸಿದ, ಮಷೀನು ಕೆಂಪು ಬಿಟ್ಟು ಹಸಿರು ತೋರಿಸ್ಲೇ ಇಲ್ಲ. ಒದ್ದೆ ಬಟ್ಟೇಲಿ ಒರೆಸಿದ್ವಿ, ಸ್ವಲ್ಪ ಎಣ್ಣೆ ಸವರಿ ನೋಡಿದ್ವಿ, ಇಲ್ಲ. ಅಕ್ಕ ಕೈ ನೋಡ್ಕೊಂಡು "ನನ್ ಕೈ ನಂದೇ ಅಲ್ಲಂತೇನೋ" ಅಂತ ನಕ್ಕಳು. ಕೊನೆಗೆ ಕಣ್ಣಿನ ಸ್ಕ್ಯಾನ್ ಮೇಲೆ ಆಯ್ತು. ಹಂಗಾಗಿ ನಿಮ್ಮ ಮನೇಲಿ ಕೂಲಿ ಮಾಡೋರು, ವಯಸ್ಸಾದೋರು ಇದ್ರೆ ಮೊದಲೇ ಕರ್ಕೊಂಡು ಹೋಗಿ ಮುಗಿಸ್ಕೊಳ್ರಿ, ಬೆರಳು ತಗೊಳ್ಳಲ್ಲ ಅಂದ್ರೆ "ಕಣ್ಣಿಂದು ಹಾಕಿ ಸರ್" ಅಂತ ನೀವೇ ಕೇಳ್ರಿ, ಕೆಲವರು ಕೇಳ್ದೆ ಇದ್ರೆ ಹಾಕಲ್ಲ.

ವಿಎ ಅನ್ನೋ ಮನುಷ್ಯ

ಪೌತೀಲಿ ನಿಮಗೆ ಜಾಸ್ತಿ ಬೇಕಾಗೋರು ವಿಎ. ಈಗ ಸರ್ಕಾರ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು ಬದಲಾಯಿಸೈತಿ, ಊರಲ್ಲಿ ಹಿರಿಯರು ಇವತ್ತಿಗೂ ಶಾನುಭೋಗ್ರು ಅಂತಾರೆ, ಶಾನುಭೋಗಿಕೆ ವಂಶಪಾರಂಪರ್ಯ ರದ್ದಾಗಿ ಅರವತ್ತು ವರ್ಷ ಆದ್ರೂ. ಅವರಿಗೆ ಒಂದೂರು ಅಲ್ಲ, ಸರ್ಕಲ್ ಅಂತ ನಾಲ್ಕೈದು ಊರು ಇರ್ತದೆ, ಎಷ್ಟೋ ಕಡೆ ಪಕ್ಕದ ಸರ್ಕಲ್‌ನ ಚಾರ್ಜೂ ಅವರ ತಲೆ ಮೇಲೆ. ಜಾತಿ ಆದಾಯ ರಿಪೋರ್ಟು, ಪಿಂಚಣಿ, ಬೆಳೆ ಸಮೀಕ್ಷೆ, ಮಳೆಗೆ ಗೋಡೆ ಬಿದ್ದಿದ್ದು, ಸಿಡಿಲಿಗೆ ಎಮ್ಮೆ ಸತ್ತಿದ್ದು, ಬಗರ್‌ಹುಕುಂ, ಎಲೆಕ್ಷನ್, ಜಾತ್ರೆ ಬಂದೋಬಸ್ತು, ಮಿನಿಸ್ಟರ್ ಬಂದ್ರೆ ಕುರ್ಚಿ ಲೆಕ್ಕ, ಎಲ್ಲ ಅವರೇ. ಇದರ ಮೇಲೆ ಮೊಬೈಲ್ ಆ್ಯಪ್‌ಗಳು. 2024ರಲ್ಲಿ ರಾಜ್ಯಾದ್ಯಂತ ವಿಎಗಳು ಮುಷ್ಕರ ಕೂತಿದ್ದು ಈ ಆ್ಯಪ್‌ಗಳ ಕಾಟಕ್ಕೇ, ಕೂರೋಕೆ ಸರಿಯಾದ ಜಾಗ ಇಲ್ಲ, ಸ್ವಂತ ಫೋನಲ್ಲಿ ಎಷ್ಟು ಅಂತ ಕೆಲಸ ಮಾಡೋದು ಅಂತ. ಆಗ ನನಗೆ ಸಿಟ್ಟು ಬಂದಿತ್ತು, ನನ್ನ ಫೈಲ್ ನಿಲ್ತು ಅಂತ. ಆಮೇಲೆ ನಮ್ಮ ವಿಎ ಮೇಡಂ ಜೊತೆ ಮಹಜರಿಗೆ ಒಂದ್ ದಿನ ತಿರುಗಾಡಿದ್ಮೇಲೆ ಇಳೀತು. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಅವರ ಫೋನು ಕಮ್ಮಿ ಅಂದ್ರೂ ಮೂವತ್ತು ಸಲ ಹೊಡ್ಕೊಂಡಿತ್ತು, ಅರ್ಧ ಮೇಲಿನ ಸಾಹೇಬ್ರದು, ಅರ್ಧ "ಮೇಡಂ ಎಲ್ಲದೀರಿ" ಅಂತ ನಮ್ಮಂಥೋರದು.

ಹಂಗಂತ ಸುಮ್ನೆ ಕಾಯಿರಿ ಅಂತಲ್ಲ. ಹೋಗೋ ಮುಂಚೆ ಫೋನ್ ಮಾಡ್ರಿ, ತೆಗೀಲಿಲ್ಲ ಅಂದ್ರೆ ಸರ್ವೆ ನಂಬರು, ಊರು, ಅಪ್ಪನ ಹೆಸರು, ಅರ್ಜಿ ನಂಬರು ಹಾಕಿ ವಾಟ್ಸಾಪ್ ಮಾಡ್ರಿ. 'ನಮಸ್ತೆ ಮೇಡಂ' ಅಂತ ಬರೀ ಅದನ್ನೇ ಕಳಿಸಿ ಉತ್ತರಕ್ಕೆ ಕಾಯಬೇಡ್ರಿ, ವಿಷಯ ಪೂರ್ತಿ ಒಂದೇ ಮೆಸೇಜಲ್ಲಿ ಹಾಕ್ರಿ. ನಿಮ್ಮ ಊರಿನ ಗ್ರಾಮ ಸಹಾಯಕರನ್ನ ವಿಶ್ವಾಸಕ್ಕೆ ತಗೊಳ್ರಿ, ವಿಎ ಇವತ್ತು ಯಾವ ಊರಲ್ಲಿ ಅಂತ ಅವರಿಗೇ ಸರಿಯಾಗಿ ಗೊತ್ತಿರೋದು.

ಅರ್ಜಿ ಹಾಕೋ ದಿನ

ಪೌತಿ ಅರ್ಜಿ ಹಾಕೋ ನಾಡಕಚೇರಿಗೆ ಎರಡನೇ ನಾಲ್ಕನೇ ಶನಿವಾರ ರಜೆ, ಸೋಮವಾರ ಬೆಳಗ್ಗೆ ಜಾತ್ರೆ ಥರ ಇರ್ತದೆ. ಶಾಲೆ ಕಾಲೇಜು ಅಡ್ಮಿಷನ್ ಟೈಮಲ್ಲಿ, ಮೇ ಜೂನಲ್ಲಿ, ಜಾತಿ ಆದಾಯಕ್ಕೆ ಬರೋ ಹುಡುಗರ ಸಾಲು ಬಾಗಿಲು ದಾಟಿರ್ತದೆ, ಆ ತಿಂಗಳು ತಪ್ಪಿಸೋಕೆ ಆದ್ರೆ ತಪ್ಪಿಸ್ರಿ.

ನಾನು ಹೋದ ದಿನ ಆಪರೇಟರ್ ಹುಡುಗಿ ಒಂದ್ ಕೈಯಲ್ಲಿ ಮೌಸು, ಇನ್ನೊಂದ್ ಕೈಯಲ್ಲಿ ನಮ್ಮ ಪಹಣಿ ಹಿಡ್ಕೊಂಡು ತೆರೆ ಮೇಲೆ ತಿರುಗೋ ಚಕ್ರ ನೋಡ್ತಾ ಕೂತಿದ್ಲು. ಸರ್ವರ್. ಹನ್ನೊಂದಕ್ಕೆ ಶುರುವಾಗಿದ್ದು ಹನ್ನೆರಡೂವರೆ ಆದ್ರೂ ತಿರುಗ್ತಾನೇ ಇತ್ತು. ಹಿಂದೆ ಒಬ್ಬ ಮಾವ "ಕರೆಂಟ್ ಇಲ್ದಾಗ್ಲೇ ಛಲೋ ಇತ್ತಪ್ಪ, ಪೆನ್ನಲ್ಲಿ ಬರ್ಕೊಡ್ತಿದ್ರು" ಅಂದ. ಪೆನ್ನಲ್ಲಿ ಬರೀತಿದ್ದಾಗ ಯಾರದೋ ಹೊಲ ಯಾರದೋ ಹೆಸರಿಗೆ ರಾತ್ರೋರಾತ್ರಿ ಹೋಗ್ತಿತ್ತು ಅನ್ನೋದು ಆ ಮಾವನಿಗೂ ಗೊತ್ತು, ಆದ್ರೂ ಬಿಸಿಲಲ್ಲಿ ನಿಂತಾಗ ಅಂಗೇ ಅನ್ನಿಸ್ತದೆ. ಭೂಮಿ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಬಂದ್ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲದಂಗಾಗಿದ್ದು ಒಳ್ಳೇದೇ ಆಯ್ತು.

ಪೌತಿ ಅರ್ಜಿ ಜೊತೆ ಇಡಬೇಕಾಗಿದ್ದು: ಇವತ್ತಿನ ಪಹಣಿ, ಮರಣ ಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್, ಹೆಸರು ವ್ಯತ್ಯಾಸದ ಅಫಿಡವಿಟ್ ಇದ್ರೆ ಅದು. ಅಪ್ಪನ ಹೆಸರಲ್ಲಿ ಬೇರೆ ಬೇರೆ ಸರ್ವೆ ನಂಬರ್ ಇದ್ರೆ ಎಲ್ಲವನ್ನೂ ಒಂದೇ ಸಲ ಬರೀರಿ. ನಮ್ಮದು ಕೆರೆ ಹಿಂದಿನ 14 ಗುಂಟೆ ಮರೆತೇ ಹೋಗಿತ್ತು, ಅಮ್ಮ ನೆನಪಿಸಿದ್ಲು.

ಕೊಟ್ಟ ತಕ್ಷಣ ರಸೀದಿ ತಗೊಳ್ರಿ. "ಆಮೇಲೆ ಕೊಡ್ತೀವಿ" ಅಂದ್ರೆ ಅಲ್ಲೇ ನಿಲ್ರಿ. ಸಕಾಲಕ್ಕೆ ಸೇರಿದ ಸೇವೆ ಆದ್ರೆ ರಸೀದೀಲಿ 15 ಅಂಕಿಯ ಜಿಎಸ್‌ಸಿ ನಂಬರ್ ಇರ್ತದೆ, ಕೊನೇ ದಿನಾಂಕ ಇರ್ತದೆ. ಸಕಾಲ ಕಾಯ್ದೆ 2011ರದು, 2012ರ ಏಪ್ರಿಲ್ 2ರಿಂದ ರಾಜ್ಯ ಪೂರ್ತಿ ಜಾರಿ. ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ಪರಿಹಾರ ಅಂತ ಐತಿ. 20 ರೂಪಾಯಿಗೆ ಮಿರ್ಚಿ ಮಂಡಕ್ಕಿನೂ ಬರಲ್ಲ ಅನ್ಬೇಡ್ರಿ, ದುಡ್ಡು ಮುಖ್ಯ ಅಲ್ಲ, ಅಪೀಲು ಹಾಕಿದ್ರೆ ಮೇಲಿನೋರು ಯಾಕೆ ತಡ ಅಂತ ಕೇಳ್ತಾರೆ, ಅದು ಮುಖ್ಯ.

ಗೇಟಿನ ಹತ್ರ "ಕೊಡಿ ಅಣ್ಣ ನಾನ್ ಮಾಡಿಸ್ತೀನಿ" ಅಂತ ಬರೋರ ಬಗ್ಗೆ ಒಂದು ಮಾತು. ನಾನು ಕೊಟ್ಟು ಕಲ್ತಿದೀನಿ. ಮೊದಲ ಸಲ ವಂಶವೃಕ್ಷಕ್ಕೆ ಒಬ್ಬನಿಗೆ ಎರಡು ಸಾವಿರ ಕೊಟ್ಟೆ, ಅವ್ನು ಅಕ್ಕನ ಹೆಸರು ಬಿಟ್ಟು ಅರ್ಜಿ ಹಾಕಿದ್ದ, ಕೇಳಿದ್ರೆ "ಸುಲಭ ಆಗ್ತದೆ ಅಂತ" ಅಂದ. ಅದು ತಿರಸ್ಕಾರ ಆಗಿ ಎರಡು ತಿಂಗಳು ಹೋಯ್ತು. ಬರೆಯೋಕೆ ಬರಲ್ಲ ಅಂದ್ರೆ ಗ್ರಾಮ ಒನ್‌ನೋರ ಹತ್ರ ಬರೆಸ್ರಿ, ರಸೀದಿ ಮೇಲೆ ಎಷ್ಟು ಇರ್ತದೋ ಅಷ್ಟೇ ಕೊಡ್ರಿ. ಒಳಗಿನೋರೇ ದುಡ್ಡು ಕೇಳಿದ್ರೆ ಲೋಕಾಯುಕ್ತ ಕಚೇರಿ ದಾವಣಗೆರೇಲೂ ಐತಿ, ಚಿತ್ರದುರ್ಗದಲ್ಲೂ ಐತಿ.

ನೋಟಿಸು, ಮಹಜರು, ಆರ್‌ಐ

ಅರ್ಜಿ ಆದ್ಮೇಲೆ ನೋಟಿಸ್ ಹೊರಡ್ತದೆ. ಯಾರಿಗಾದ್ರೂ ತಕರಾರು ಇದ್ರೆ ಇಂಥ ದಿನದೊಳಗೆ ಹೇಳ್ರಿ ಅಂತ. ಪಂಚಾಯ್ತಿ ಬೋರ್ಡಿಗೆ ಅಂಟಿಸ್ತಾರೆ, ವಾರಸುದಾರರಿಗೂ ಕೊಡ್ತಾರೆ. ಅದರಲ್ಲಿರೋ ಹೆಸರುಗಳನ್ನ ಮತ್ತೊಮ್ಮೆ ಓದ್ರಿ, ತಪ್ಪು ಇಲ್ಲಿ ಸಿಕ್ರೆ ಸರಿ ಮಾಡೋದು ಸುಲಭ, ಪಹಣಿಗೆ ಹೋದ್ಮೇಲೆ ಕಷ್ಟ. ಬೋರ್ಡಿಗೆ ಅಂಟಿಸಿದ್ದನ್ನ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ರಿ.

ಮಹಜರ್ ದಿನ ಐದಾರು ಜನ ಪಂಚರು ಬೇಕು, ಅಕ್ಕಪಕ್ಕದ ಹೊಲದೋರು, ಊರಿನ ಹಿರಿಯರು. ನಮ್ಮದು ಬೇವಿನ ಮರದ ಕೆಳಗೆ ಆಯ್ತು. ವಿಎ ಮೇಡಂ ಮೊಣಕಾಲ ಮೇಲೆ ಪ್ಯಾಡ್ ಇಟ್ಕೊಂಡು ಬರೀತಿದ್ರು, "ಇವರಿಗೆ ಮಕ್ಕಳೆಷ್ಟು, ಬೇರೆ ಹೆಂಡತಿ ಮಕ್ಕಳು ಯಾರಾದ್ರೂ ಉಂಟಾ" ಅಂತ ಮುಲಾಜಿಲ್ದೆ ಕೇಳಿದ್ರು, ಹಿರಿಯರು ಮುಸಿಮುಸಿ ನಕ್ಕರು, ಅಮ್ಮನೂ ಸೆರಗು ಬಾಯಿಗೆ ಇಟ್ಕೊಂಡು ನಕ್ಕಳು. ಆ ಪ್ರಶ್ನೆಗೆ ಬೇಜಾರು ಮಾಡ್ಕೋಬೇಡ್ರಿ, ಅವರು ಕೇಳ್ಲೇಬೇಕು. ಪಂಚರನ್ನ ಹಿಂದಿನ ದಿನವೇ ಹೇಳಿ ಇಟ್ಟಿರ್ರಿ, ಮೆಕ್ಕೆಜೋಳ ಮುರಿಯೋ ಟೈಮಲ್ಲಿ ಊರಲ್ಲಿ ಒಬ್ಬರೂ ಸಿಗಲ್ಲ.

ವಿಎ ವರದಿ ಕಂದಾಯ ನಿರೀಕ್ಷಕರು, ಅಂದ್ರೆ ಆರ್‌ಐಗೆ ಹೋಗ್ತದೆ. ತಕರಾರು ಇಲ್ಲ ಅಂದ್ರೆ ಆರ್‌ಐ ಒಪ್ಪಿಗೆ ಕೊಟ್ರೆ ಮುಗೀತು, ಎಂಆರ್ ನಂಬರ್ ಬೀಳ್ತದೆ. ಯಾರಾದ್ರೂ ತಕರಾರು ಬರೆದು ಕೊಟ್ರೆ ಅದು ಆರ್‌ಐ ಕೈಯಲ್ಲಿ ಇರಲ್ಲ, ತಾಲ್ಲೂಕು ಕಚೇರಿಗೆ ಹೋಗಿ ತಹಸೀಲ್ದಾರ್ ವಿಚಾರಣೆ ಮಾಡ್ತಾರೆ. ಅಲ್ಲಿ ಆಗಿದ್ದು ಒಪ್ಪಿಗೆ ಇಲ್ಲ ಅಂದ್ರೆ 1964ರ ಭೂ ಕಂದಾಯ ಕಾಯ್ದೆ 136(2)ರ ಕೆಳಗೆ ಎಸಿ ಹತ್ರ ಅಪೀಲು, ಅದಾದ್ಮೇಲೆ 136(3)ರಲ್ಲಿ ಡಿಸಿ ಹತ್ರ. ಆದ್ರೆ ಹಕ್ಕು ಯಾರದು ಅಂತ ಕೊನೇ ಮಾತು ಹೇಳೋದು ಸಿವಿಲ್ ಕೋರ್ಟು, ಖಾತೆ ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟಲ್ಲ, ಖಾತೇಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಸಾಯೋದೂ ಇಲ್ಲ. ಇದನ್ನ ತಮ್ಮಂದಿರಿಗೆ ಒಮ್ಮೆ ಓದಿ ಹೇಳ್ರಿ, ಅರ್ಧ ತಕರಾರು ಅಲ್ಲೇ ಕಮ್ಮಿ ಆಗ್ತದೆ.

ಜಗಳೂರು ಚಳ್ಳಕೆರೆ ಮೊಳಕಾಲ್ಮೂರು ಕಡೆ ಸರ್ಕಾರದಿಂದ ಮಂಜೂರಾದ ಜಮೀನು ಇರೋ ಎಸ್‌ಸಿ ಎಸ್‌ಟಿ ಮನೆಗಳು ಕೇಳ್ತಿರ್ತಾರೆ, ಪಿಟಿಸಿಎಲ್ ಜಮೀನಿಗೆ ಪೌತಿ ಆಗ್ತದಾ ಅಂತ. 1978ರ ಆ ಕಾಯ್ದೆ ತಡೆಯೋದು ಸರ್ಕಾರದ ಅನುಮತಿ ಇಲ್ದೆ ಪರಭಾರೆ ಮಾಡೋದನ್ನ. ಅಪ್ಪನಿಂದ ಮಕ್ಕಳಿಗೆ ವಾರಸಾಗಿ ಬರೋದಕ್ಕೆ ಅಡ್ಡಿ ಇಲ್ಲ.

ಫೈಲು ನಿಂತ್ರೆ

ಮೊದಲು ಭೂಮಿ ವೆಬ್‌ಸೈಟಲ್ಲಿ ಮ್ಯುಟೇಶನ್ ಸ್ಥಿತಿ ನೋಡ್ರಿ, ಯಾರ ಲಾಗಿನ್‌ನಲ್ಲಿ ನಿಂತೈತಿ ಅಂತ ತಿಳಿದ್ರೆ ಯಾರನ್ನ ಕೇಳ್ಬೇಕು ಅಂತ ತಿಳೀತದೆ. ಸುಮ್ನೆ ಕಚೇರಿಗೆ ಹೋಗಿ "ನಂದು ಏನಾತ್ರಿ" ಅಂದ್ರೆ "ಆಗ್ತದೆ ಬರ್ರಿ" ಅಂತಾರೆ. "ಇಂಥ ತಾರೀಖಿಂದ ಆರ್‌ಐ ಸಾಹೇಬ್ರ ಹತ್ರ ಬಾಕಿ ತೋರಿಸ್ತದೆ" ಅಂದ್ರೆ ಕುರ್ಚಿ ಸ್ವಲ್ಪ ಮುಂದೆ ಸರೀತದೆ. ಆಗ್ಲಿಲ್ಲ ಅಂದ್ರೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದಕ್ಕೂ ಆಗ್ಲಿಲ್ಲ ಅಂದ್ರೆ ಮಾಹಿತಿ ಹಕ್ಕು: ತಾಲ್ಲೂಕು ಕಚೇರಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. 'ನನ್ನ ಅರ್ಜಿ ಮೇಲೆ ಯಾವ ದಿನ ಯಾರು ಏನು ಕ್ರಮ ತಗೊಂಡ್ರು, ದಾಖಲೆ ಪ್ರತಿ ಕೊಡಿ' ಅಂತ ಅಷ್ಟೇ ಬರೀರಿ, ಭಾಷಣ ಬೇಡ. 30 ದಿನದಲ್ಲಿ ಉತ್ತರ ಬರ್ಬೇಕು. ನನಗೆ ಅರ್ಜಿ ಹೋದ ಹದಿನೆಂಟನೇ ದಿನಕ್ಕೆ ಉತ್ತರ ಬರ್ಲಿಲ್ಲ, ಎಂಆರ್ ನಂಬರೇ ಬಂತು.

ಬಂದ್ಮೇಲೆ ಮಾಡೋ ಕೆಲಸ

ಹೊಸ ಪಹಣಿ, ಎಂಆರ್ ಪ್ರತಿ ಎರಡೂ ತಗೊಳ್ರಿ. ಎಂಆರ್ ಪ್ರತಿ ಯಾರೂ ತಗೊಳ್ಳಲ್ಲ, ಮುಂದೆ ಸಾಲಕ್ಕೂ ವಿಭಾಗಕ್ಕೂ ಅದನ್ನೇ ಕೇಳ್ತಾರೆ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎಲ್ಲರ ಹೆಸರಿಗೂ ಫ್ರೂಟ್ಸ್ ಐಡಿ ಮಾಡಿಸಿ ಸರ್ವೆ ನಂಬರ್ ಸೇರಿಸ್ರಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡ್ರಿ. ಪಂಪ್‌ಸೆಟ್ ಇದ್ರೆ ಬೆಸ್ಕಾಂನಲ್ಲಿ ಆರ್‌ಆರ್ ನಂಬರ್ ಹೆಸರು ಬದಲಾವಣೆ. ಭದ್ರಾ ಮೇಲ್ದಂಡೆ ಕಾಲುವೆ ಹೋಗೋ ಕಡೆ ಹೊಲ ಇರೋರು ಇದ್ಯಾವುದನ್ನೂ ನಾಳೆ ಅನ್ಬೇಡ್ರಿ, ಭೂಸ್ವಾಧೀನದ ನೋಟಿಸು ಪಹಣೀಲಿ ಯಾರ ಹೆಸರು ಐತೋ ಅವರಿಗೆ ಬರೋದು.

ಹೊಸ ಪಹಣಿ ಬಂದ ದಿನ ಅಮ್ಮನಿಗೆ ಓದಿ ಹೇಳಿದೆ. ಅಮ್ಮ, ಅಕ್ಕ, ನಾನು, ತಮ್ಮ, ನಾಲ್ಕೂ ಹೆಸರು ಒಂದರ ಕೆಳಗೆ ಒಂದು. ಅಕ್ಕ ಅವಳ ಹೆಸರಿರೋ ಸಾಲನ್ನ ಮೊಬೈಲಲ್ಲಿ ಫೋಟೋ ತಗೊಂಡ್ಲು. ಅಮ್ಮನ ಹೆಸರು ಗಂಗಮ್ಮ, ಪಹಣೀಲಿ 'ಗಂಗಪ್ಪ' ಅಂತ ಬಂದೈತಿ. ಎಂಆರ್‌ನಲ್ಲಿ ಸರಿ ಐತಿ, ಪಹಣೀಲಿ ಎಂಟ್ರಿ ಮಾಡೋವಾಗ ತಪ್ಪಿದ್ದು. ಇಂಥದ್ದಕ್ಕೆ ತಹಸೀಲ್ದಾರ್‌ಗೆ ತಿದ್ದುಪಡಿ ಅರ್ಜಿ ಕೊಡ್ಬೇಕು, ಎಂಆರ್ ಪ್ರತಿ ಮತ್ತೆ ಆಧಾರ್ ಜೊತೆಗೆ. ಕೊಟ್ಟು ಬಂದಿದೀನಿ, ರಸೀದಿ ಪರ್ಸಲ್ಲಿ ಐತಿ.